ಪಿಗ್ಮಿ ಪುಸ್ತಕವೂ ಫೇಸ್‌ಬುಕ್ ಲೆಕ್ಕವೂ

ಕಲ್ಯಾಣಪುರದ ಸಣ್ಣ ಅಂಗಡಿಯವರಿಗೂ ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲ ಬೇಕು. ಮೂರರ ಲೆಕ್ಕವನ್ನೂ ಒಂದೇ ಅನಾಲಿಟಿಕ್ಸ್ ಟೂಲಿಗೆ ಜೋಡಿಸುವುದನ್ನು ನೋಡಿದಾಗೆಲ್ಲ ನನಗೆ ನಮ್ಮ ಕಡೆಯ ಪಿಗ್ಮಿ ನೆನಪಾಗುತ್ತದೆ!

1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನ) 1928ರಲ್ಲಿ ಪಿಗ್ಮಿ ಶುರುಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆಯುತ್ತಿದ್ದರು. ಖಾತೆ ಸಂಖ್ಯೆ, ತಾರೀಕು, ಮೊತ್ತ... ಇಷ್ಟೇ. ನೂರಾರು ಮನೆಗಳ ಚಿಲ್ಲರೆ ಕಲಸಿಹೋಗದೆ ಉಳಿದದ್ದು ಆ ಖಾತೆ ಸಂಖ್ಯೆಯಿಂದ.

ಟೂಲಿನಲ್ಲೂ ಅದೇ ಕ್ರಮ: ಪೇಜಿನ ಐಡಿ, ದಿನಾಂಕ, ಅಂಕಿ. ಒಂದೊಂದು ತಾಣಕ್ಕೆ ಒಂದೊಂದು ಕೊಂಡಿ, ಪ್ರತಿ ಕೊಂಡಿಗೂ ಪೇಜಿನವರ ಅನುಮತಿ.

ಆದರೆ ಪಿಗ್ಮಿ ಕಟ್ಟಿದವರಿಗೆ ತಾವು ಕೊಟ್ಟದ್ದೆಷ್ಟು ಅಂತ ಗೊತ್ತಿತ್ತು. 2010ರಲ್ಲಿ ಬಂದ ಫೇಸ್‌ಬುಕ್ ಗ್ರಾಫ್ ಎಪಿಐನಲ್ಲಿ ಒಬ್ಬ ಒಪ್ಪಿದರೆ ಅವನ ಗೆಳೆಯರ ಮಾಹಿತಿಯೂ ಆಪ್‌ಗಳಿಗೆ ಸಿಗುತ್ತಿತ್ತು! ಆ ಬಾಗಿಲು ಮುಚ್ಚಿದ್ದು 2015ರಲ್ಲಿ. ಕೇಂಬ್ರಿಜ್ ಅನಾಲಿಟಿಕಾ ಕೈಗೆ 8.7 ಕೋಟಿ ಜನರವರೆಗಿನ ಮಾಹಿತಿ ಹೋಗಿರಬಹುದೆಂದು ಫೇಸ್‌ಬುಕ್ಕೇ ಹೇಳಿದ್ದು 2018ರಲ್ಲಿ.

ಹಾಗಾಗಿ ಕೊಂಡಿ ಜೋಡಿಸುವ ಮೊದಲು ಕೇಳಬೇಕಾದ್ದು ಒಂದೇ: ಕೊಟ್ಟವರಿಗೆ ಗೊತ್ತುಂಟಾ? ನೀವೇನಂತೀರಿ?