ಬೆಂಗಳೂರಿನ ಒಂದು ಕಾಲ್ಚೆಂಡಿನ ಸಂಘ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳು, ದಾನಶಾಸನಗಳು ಎಂದು ಭಾವಿಸುವುದು ರೂಢಿ. 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಆದರದಿಂದ ಓದುವ ಜನರೂ, ತಮ್ಮ ತಾತಂದಿರು ಸಂಜೆಯ ಹೊತ್ತು ಬಯಲಿನಲ್ಲಿ ಯಾವ ಆಟವನ್ನಾಡುತ್ತಿದ್ದರೆಂದು ವಿಚಾರಿಸುವುದು ವಿರಳ. ಆಟಕ್ಕೂ ಇತಿಹಾಸವುಂಟು, ಅದನ್ನು ಬರೆದಿಡುವವರಿಲ್ಲದಿದ್ದರೆ ಅದು ಒಂದೆರಡು ತಲೆಮಾರಿನಲ್ಲಿ ಅಳಿದುಹೋಗುವುದು.

ಹರಿಹರದ ತುಂಗಭದ್ರೆಯು ಮೈಸೂರು ಸಂಸ್ಥಾನದ ಎಲ್ಲೆಯಾಗಿದ್ದ ಕಾಲವದು. ಹೊಳೆಯ ಆಚೆಗೆ ಮುಂಬಯಿ ಪ್ರಾಂತ. ಈಚೆಗೆ ದಾವಣಗೆರೆ, ಹರಿಹರಗಳನ್ನೊಳಗೊಂಡ ಚಿತ್ರದುರ್ಗ ಜಿಲ್ಲೆ. ಬೆಂಗಳೂರಿನಲ್ಲಿ 1809ರಿಂದ ಆಂಗ್ಲ ಸೈನ್ಯದ ದಂಡು ಇದ್ದಿತು. ಸಿಪಾಯಿಗಳು ಆಡುತ್ತಿದ್ದ ಕಾಲ್ಚೆಂಡಿನಾಟವು ಕಾಲಕ್ರಮದಲ್ಲಿ ದಂಡಿನ ಬೀದಿಗಳ ಹುಡುಗರಿಗೂ ಅಂಟಿಕೊಂಡಿತು. ಮುಂಬಯಿಯಲ್ಲಿ 1891ರಿಂದ ‘ರೋವರ್ಸ್ ಕಪ್’ ಎಂಬ ಪಂದ್ಯಾವಳಿ ನಡೆಯತೊಡಗಿತು. ಆದರೆ ನಾಲ್ವತ್ತೈದು ವರ್ಷಗಳ ಕಾಲ ಭಾರತೀಯರ ಸಂಘವೊಂದಕ್ಕೂ ಆ ಬಟ್ಟಲು ದಕ್ಕಲಿಲ್ಲ.

ಆ ಕೊರತೆಯನ್ನು ನೀಗಿದ್ದು ಬೆಂಗಳೂರಿನ ಒಂದು ಸಂಘ. ‘ಬೆಂಗಳೂರು ಮುಸ್ಲಿಮ್ಸ್’ ಎಂಬ ತಂಡವು 1937ರಲ್ಲಿ, ಕಲ್ಕತ್ತೆಯ ಲೀಗಿನಲ್ಲಿ ವರ್ಷವರ್ಷವೂ ಗೆಲ್ಲುತ್ತಿದ್ದ ಮಹಮ್ಮದನ್ ಸ್ಪೋರ್ಟಿಂಗ್ ಸಂಘವನ್ನು ಕೊನೆಯ ಪಂದ್ಯದಲ್ಲಿ ಸೋಲಿಸಿ ರೋವರ್ಸ್ ಕಪ್ಪನ್ನು ತಂದಿತು. ಮರುವರ್ಷ ಆಂಗ್ಲ ಸೈನ್ಯದಳವೊಂದನ್ನೇ ಸೋಲಿಸಿ ಅದನ್ನು ಉಳಿಸಿಕೊಂಡಿತು. 1948ರಲ್ಲಿ ಮೋಹನ ಬಾಗಾನ್ ಸಂಘವನ್ನು ಗೆದ್ದು ಮೂರನೆಯ ಸಲವೂ ತಂದಿತು.

ಈ ಬಲವು ಒಂದು ಸಂಘಕ್ಕೆ ಮಾತ್ರ ಸೇರಿದುದಲ್ಲ. 1946-47ರಲ್ಲಿ ಮೈಸೂರು ತಂಡವು ಬಂಗಾಳವನ್ನು ಗೆದ್ದು ಸಂತೋಷ್ ಟ್ರೋಫಿಯನ್ನು ಪಡೆಯಿತು. ಇಲ್ಲಿ ‘ಸಂತೋಷ’ವೆಂಬುದು ಹರ್ಷವಾಚಕವಲ್ಲ, ಬಂಗಾಳದ ಒಂದು ಜಮೀನುದಾರಿಯ ಹೆಸರು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿನೊಡನೆ ಆಡಿತು. ಭಾರತೀಯರಲ್ಲಿ ಬಹುಮಂದಿ ಬರಿಗಾಲಿನವರು. ಸ್ವತಂತ್ರ ಭಾರತದ ಪರವಾಗಿ ಅಲ್ಲಿ ಮೊದಲ ಗೋಲನ್ನು ಹೊಡೆದವನು ಸಾರಂಗಪಾಣಿ ರಾಮನ್ ಎಂಬ ಮೈಸೂರಿನ ಆಟಗಾರ. ದೊರೆತ ಎರಡು ಪೆನಾಲ್ಟಿ ಹೊಡೆತಗಳು ವ್ಯರ್ಥವಾಗಿ, ಪಂದ್ಯವು 2-1ರಿಂದ ಫ್ರಾನ್ಸಿನ ಪಾಲಾಯಿತು.

1948ರ ಅನಂತರ ರೋವರ್ಸ್ ಕಪ್ ಆ ಸಂಘಕ್ಕೆ ಮತ್ತೆ ಬರಲಿಲ್ಲ. ಕಲ್ಕತ್ತೆಯ ದೊಡ್ಡ ಸಂಘಗಳು ಬೆಂಗಳೂರಿನ ಜಾಣ ಆಟಗಾರರನ್ನು ಕರೆದುಕೊಂಡವು. ಈಸ್ಟ್ ಬೆಂಗಾಲ್ ಸಂಘದ ‘ಪಂಚಪಾಂಡವ’ರೆಂದು ಹೆಸರಾದ ಐವರಲ್ಲಿ ಒಬ್ಬನಾದ ಅಹ್ಮದ್ ಖಾನ್ ಬೆಂಗಳೂರಿನವನೇ. ಊರಿನಲ್ಲಿ ಉಳಿದವರಿಗೆ ಹೊಟ್ಟೆಯ ಪ್ರಶ್ನೆ. ವಿಮಾನ, ಟೆಲಿಫೋನು ಮೊದಲಾದ ಸರ್ಕಾರಿ ಕಾರ್ಖಾನೆಗಳು ಉದ್ಯೋಗವನ್ನು ಕೊಟ್ಟು ತಂಡಗಳನ್ನು ಕಟ್ಟಿದವು. ಬೀದಿಯ ಸಂಘವು ಕೊಡಲಾರದ ಸಂಬಳವನ್ನು ಕಾರ್ಖಾನೆಯು ಕೊಟ್ಟಿತು. ರೋವರ್ಸ್ ಪಂದ್ಯಾವಳಿಯೂ 2000-01ರ ತರುವಾಯ ನಿಂತುಹೋಯಿತು.

ಜರ್ಮನಿಯಲ್ಲಿ ಇಂಥ ಏಳುಬೀಳುಗಳ ಕಥೆ ಬೇರೆ ಬಗೆಯಾಗಿದೆ. ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾದ ಎಸ್ಸೆನ್ ನಗರದಲ್ಲಿ 1907ರಲ್ಲಿ ಹುಟ್ಟಿದ ‘ರೋಟ್-ವೈಸ್’, ಎಂದರೆ ‘ಕೆಂಪು-ಬಿಳಿ’ ಎಂಬ ಸಂಘವು 1955ರಲ್ಲಿ ಇಡೀ ದೇಶದ ವಿಜೇತವಾಯಿತು. 1954ರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಗೆಲುವಿನ ಗೋಲನ್ನು ಹೊಡೆದ ಹೆಲ್ಮುಟ್ ರಾನ್ ಈ ಸಂಘದವನು. ಅಲ್ಲಿ ಸಂಘಗಳಿಗೆ ಶಾಲೆಯಂತೆ ತರಗತಿಗಳುಂಟು; ಶಾಲೆಯಲ್ಲಿ ತೇರ್ಗಡೆಯಾಗದವನು ಇದ್ದಲ್ಲೇ ಇರುವನು, ಅಲ್ಲಿಯಾದರೋ ಕೆಳಗಿಳಿಯುವನು. ಎಸ್ಸೆನ್ನಿನ ಸಂಘವು 2010ರಲ್ಲಿ ದಿವಾಳಿಯೆದ್ದು ಐದನೆಯ ತರಗತಿಗೆ ಜಾರಿತು. ಆದರೆ ಅಳಿಯಲಿಲ್ಲ, ಮೆಲ್ಲಮೆಲ್ಲನೆ ಮೇಲೇರಿ 2022ರಲ್ಲಿ ಮೂರನೆಯ ತರಗತಿಯನ್ನು ಸೇರಿತು. ಗೆಲುವು ತಪ್ಪಿದ ಮೇಲೂ ಹೆಸರನ್ನೂ ಮೈದಾನವನ್ನೂ ಬಿಡದೆ ಹಿಡಿದ ಜನರು ಆ ಊರಿನಲ್ಲಿದ್ದರು.

ಮೈಸೂರು 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ತರುವಾಯ, ಕರ್ನಾಟಕಕ್ಕೆ ಅದು ಮರಳಿ ಬಂದುದು 2023ರ ಮಾರ್ಚ್ 4ರಂದು, ದೂರದ ರಿಯಾಧ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಗೆದ್ದಾಗ. ನಡುವೆ ಐವತ್ತನಾಲ್ಕು ವರ್ಷಗಳು ಕಳೆದಿದ್ದವು. ಮೊದಲಿನ ಗೆಲುವನ್ನು ಕಣ್ಣಾರೆ ಕಂಡವರು ಅಷ್ಟರಲ್ಲಿ ಮುದುಕರಾಗಿದ್ದರು.

ದಾವಣಗೆರೆಯ ಹತ್ತಿಯ ಗಿರಣಿಗಳ ಸದ್ದು ಅಡಗಿತು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಅಲ್ಲಿ ನೂತ ನೂಲಿಗೂ ಮಾಡಿದ ಯಂತ್ರಕ್ಕೂ ಲೆಕ್ಕದ ಪುಸ್ತಕಗಳಿದ್ದವು. ದುಡಿದವರ ಬಿಡುವಿನ ಹೊತ್ತಿಗೆ ಲೆಕ್ಕವಿಟ್ಟವರು ಯಾರು? ಅದನ್ನು ಬಲ್ಲ ಹಿರಿಯರು ಇನ್ನೂ ಕೆಲವು ಮನೆಗಳ ಜಗಲಿಯ ಮೇಲೆ ಕುಳಿತಿದ್ದಾರೆ. ಮನೆಯ ಮಕ್ಕಳು ಕಾಗದ, ಲೇಖನಿಗಳನ್ನು ಹಿಡಿದು ಅವರ ಬಳಿ ಕೂರುವುದಾದರೆ, ಕಲ್ಲಿನ ಮೇಲೆ ಕೆತ್ತದ ಒಂದು ಶಾಸನವು ಉಳಿದೀತು.