ನರಕೋಶಕ್ಕೆ ವಿದ್ಯುತ್ತು ಬಂದ ಕಥೆ

ನರಗಳಲ್ಲಿ ವಿದ್ಯುತ್ತು ಇದೆಯೆಂಬುದು ಹಳೆಯ ಸಂಗತಿ. ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಅದುರುವುದನ್ನು ಇಟಲಿಯ ಗಾಲ್ವಾನಿ 1791ರಲ್ಲೇ ಪ್ರಕಟಿಸಿದ್ದ. ಅದರ ಒಳಗುಟ್ಟನ್ನು ಬಿಡಿಸಿದವರು ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ, 1952ರಲ್ಲಿ. ಕೋಶದ ಪೊರೆಯ ಮೂಲಕ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಅದರ ಬೆನ್ನಿಗೇ ಪೊಟ್ಯಾಸಿಯಂ ಹೊರಬೀಳುತ್ತದೆ; ಒಂದೆರಡು ಮಿಲಿಸೆಕೆಂಡಿನಲ್ಲಿ ಎಲ್ಲವೂ ಮುಗಿಯುತ್ತದೆ.

ಆದರೆ ಅವರು ಪರೀಕ್ಷಿಸಿದ್ದು ಬೆಳೆದ ಸ್ಕ್ವಿಡ್ ಪ್ರಾಣಿಯ ನರವನ್ನು. ಭ್ರೂಣದಲ್ಲಿ ಆಗತಾನೇ ಹುಟ್ಟಿದ ಕೋಶಕ್ಕೆ ಈ ಶಕ್ತಿ ಬರುವುದು ಹೇಗೆ? 1970ರ ದಶಕದಲ್ಲಿ ಅಮೆರಿಕದ ನಿಕೊಲಾಸ್ ಸ್ಪಿಟ್ಸರ್ ಮತ್ತು ಸಂಗಡಿಗರು ಕಪ್ಪೆಯ ಭ್ರೂಣದ ಬೆನ್ನುಹುರಿಯಲ್ಲಿ ಉತ್ತರ ಹುಡುಕಿದರು. ಎಳೆಯ ಕೋಶದ ಮೊದಲ ಮಿಡಿತ ಮುಖ್ಯವಾಗಿ ಕ್ಯಾಲ್ಸಿಯಂನದು, ಬಹಳ ನಿಧಾನದ್ದು. ಸೋಡಿಯಂನ ಚುರುಕು ಮಿಡಿತ ಬರುವುದು ಆಮೇಲೆ.

ಈ ಕಥೆಯ ಒಂದು ಎಳೆ ಬೆಂಗಳೂರಿಗೆ ಬರುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟಿದ ಒಬೈದ್ ಸಿದ್ದಿಕಿಯವರು, ಅಮೆರಿಕದ ಸೀಮೋರ್ ಬೆಂಜರ್ ಜೊತೆಗೂಡಿ 1976ರಲ್ಲಿ ವಿಚಿತ್ರ ಹಣ್ಣುನೊಣಗಳ ನರಗಳನ್ನು ಪರೀಕ್ಷಿಸಿದರು. ಬಿಸಿ ಏರಿದರೆ ಇವು ಪಾರ್ಶ್ವವಾಯು ಬಡಿದಂತೆ ಬೀಳುತ್ತವೆ, ತಂಪಾದರೆ ಏಳುತ್ತವೆ. ಇವುಗಳಲ್ಲಿ 'ಪ್ಯಾರಾ' ಎಂಬ ತಳಿಗೆ 29 ಡಿಗ್ರಿ ಸಾಕು. ನಮ್ಮ ಸೈದಾಪುರದ ಬೇಸಿಗೆಯಲ್ಲಿ ಪಾಪ, ಅದು ಏಳುವ ಮಾತೇ ಇಲ್ಲ! ಆ ನೊಣದಲ್ಲಿ ಕೆಟ್ಟಿದ್ದುದು ಸೋಡಿಯಂ ನಾಳದ ವಂಶವಾಹಿಯೆಂದು 1989ರಲ್ಲಿ ಖಚಿತವಾಯಿತು. ಒಂದು ನೊಣ ನೆಲಕ್ಕೆ ಬಿದ್ದುದರ ಕಾರಣ ಹುಡುಕುತ್ತಾ ಹೋಗಿ ನರದ ಬಾಗಿಲಿನ ವಂಶವಾಹಿಯೇ ಕೈಗೆ ಸಿಕ್ಕಿತೆಂಬುದು ನನಗಂತೂ ಇಂದಿಗೂ ಸೋಜಿಗ.

ಸಿದ್ದಿಕಿಯವರು ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಮೊದಲ ನಿರ್ದೇಶಕರಾದರು. ಅಲ್ಲಿ ಗೈತಿ ಹಸನ್ ಅವರ ತಂಡ ಹಿಡಿದದ್ದು ಕ್ಯಾಲ್ಸಿಯಂನ ಜಾಡು. ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಪ್ರೋಟೀನು ಕೆಟ್ಟರೆ ನೊಣ ಹಾರಲಾರದೆಂದು 2004ರಲ್ಲಿ ತೋರಿಸಿದರು.

2024ರಲ್ಲಿ ಪ್ರಕಟವಾದ ಅವರ ಕೆಲಸ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಹಾರಾಟಕ್ಕೆ ಬೇಕಾದ, ಡೋಪಮಿನ್ ಸ್ರವಿಸುವ ಕೆಲವು ಮಿದುಳಿನ ಕೋಶಗಳು ಬಲಿಯುವ ಕಾಲದಲ್ಲಿ, ದಾಸ್ತಾನು ಬರಿದಾದಾಗ 'ಒರಾಯ್' ಎಂಬ ದ್ವಾರ ತೆರೆದು ಹೊರಗಿನ ಕ್ಯಾಲ್ಸಿಯಂ ಒಳಬರುತ್ತದೆ. ಅದು ವಂಶವಾಹಿಗಳನ್ನು ಎಚ್ಚರಿಸುವ ಪ್ರೋಟೀನೊಂದನ್ನು ಚುರುಕುಗೊಳಿಸುತ್ತದೆ. ಅದರಿಂದ 'ಸೆಟ್-2' ಎಂಬ ಇನ್ನೊಂದು ಹೆಚ್ಚುತ್ತದೆ, ಇದು ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನುಗಳ ಮೇಲೆ ಗುರುತು ಹಾಕಿ ಅಯಾನು ನಾಳಗಳ ವಂಶವಾಹಿಗಳು ಕೆಲಸ ಮಾಡುವಂತೆ ನೋಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಕ್ಯಾಲ್ಸಿಯಂ ಮತ್ತೆ ಒಳಬರುವ ದಾರಿಯನ್ನೂ ಕಾಯ್ದುಕೊಳ್ಳುತ್ತದೆ. ಒರಾಯ್ ಮುಚ್ಚಿದ ನೊಣಕ್ಕೆ ರೆಕ್ಕೆಗಳಿರುತ್ತವೆ. ಆದರೆ ಆ ಕೋಶಗಳು ಡೋಪಮಿನ್ ಸುರಿಸಲಾರವು, ನೊಣ ಬಹಳ ಹೊತ್ತು ಹಾರಲಾರದು.