ಅಕ್ವೇರಿಯಂ ಮೀನಿನ ಒಣ ಆಹಾರ: ಕಾಪಾಡುವುದು ಹೇಗೆ, ಯಾವುದನ್ನು ಉಳಿಸಬಹುದು, ಯಾವುದನ್ನು ಎಸೆಯಬೇಕು?

ಜವಳಗಿರಿ, ತಳಿ ಕಡೆ ಕಾಡಿನ ಅಂಚು. ಮಳೆ ಹಿಡಿದರೆ ಗೋಡೆಗೂ ತೇವ ಬರುತ್ತದೆ. ಕೃಷ್ಣಗಿರಿ ಕಡೆ ಇಳಿದರೆ ಬೇಸಿಗೆಯ ಸೆಕೆ ಹೆಚ್ಚು. ಅಕ್ವೇರಿಯಂ ಮೀನಿನ ಒಣ ಆಹಾರಕ್ಕೆ ಇವೆರಡೂ ಆಗುವುದಿಲ್ಲ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಸೆಕೆಗೆ ಅದರಲ್ಲಿರುವ ಎಣ್ಣೆ ಕಮಟು ಹಿಡಿಯುತ್ತದೆ. ಕೆಟ್ಟ ಆಹಾರದಿಂದ ಮೀನಿಗೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. ಅದನ್ನು ಕೋಳಿಗೋ ಹಸುವಿಗೋ ಹಾಕಿದರೆ ತೊಂದರೆ ಮನೆಯವರವರೆಗೂ ಬರಬಹುದು. ಮನೆಯಲ್ಲಿ ಮೀನು ಸಾಕಿರುವ ಸದಸ್ಯರ ಉಪಯೋಗಕ್ಕಾಗಿ ಈ ಮಾಹಿತಿ.

ಏಕೆ ಬೇಗ ಕೆಡುತ್ತದೆ?

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ರಾಗಿಯಲ್ಲಿ ಕೊಬ್ಬು ಶೇ. 2ಕ್ಕಿಂತ ಕಡಿಮೆ, ಕಾಳಿಗೆ ಗಟ್ಟಿ ಹೊರಪದರವೂ ಇದೆ. ಮೀನಿನ ಆಹಾರ ಹಾಗಲ್ಲ. ಒಣಮೀನಿನ ಪುಡಿ, ಸೋಯಾ, ಗೋಧಿ, ಮೀನೆಣ್ಣೆ ಮುಂತಾದವನ್ನು ಬೆರೆಸಿ ಮಾಡಿದ್ದು ಅದು. ಮೀನೆಣ್ಣೆ ಗಾಳಿ ಸೋಕಿದರೆ ಬೇಗ ಕೆಡುತ್ತದೆ. ಜೊತೆಗೆ ಸಿ ಜೀವಸತ್ವವೂ ಗಾಳಿ, ಬೆಳಕು, ಶಾಖಕ್ಕೆ ಕರಗಿಹೋಗುತ್ತದೆ. ಈ ಜೀವಸತ್ವ ಬಹುಕಾಲ ಸಿಗದ ಮೀನುಗಳ ಬೆನ್ನುಮೂಳೆ ಬಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಫ್ಲೇಕ್ಸ್ ತೆಳ್ಳಗಿರುವುದರಿಂದ ಪೆಲೆಟ್‌ಗಿಂತ ಬೇಗ ಸಪ್ಪೆಯಾಗುತ್ತದೆ.

ಇಡುವ ಕ್ರಮ

1. ಚಿಕ್ಕ ಡಬ್ಬಿಯನ್ನೇ ಕೊಳ್ಳಿ. ಐದಾರು ಗಪ್ಪಿಗಳಿಗೆ 100 ಗ್ರಾಂ ಆಹಾರ ವರ್ಷವಾದರೂ ಮುಗಿಯುವುದಿಲ್ಲ. ತೆರೆದ ಡಬ್ಬಿಯನ್ನು 3ರಿಂದ 6 ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಿ.
2. ತಯಾರಿಕೆಯ ದಿನಾಂಕವಿಲ್ಲದ, ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ಮಾರುವ ಆಹಾರ ಎಷ್ಟು ಹಳೆಯದೆಂದು ತಿಳಿಯುವುದಿಲ್ಲ. ಅದು ಬೇಡ.
3. ವಾರಕ್ಕೆ ಬೇಕಾದಷ್ಟನ್ನು ಪುಟ್ಟ ಬಾಟಲಿಗೆ ತೆಗೆದುಕೊಂಡು, ಉಳಿದದ್ದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಹೊರತೆಗೆದ ಡಬ್ಬಿಯ ತಂಪು ಆರುವವರೆಗೆ ಮುಚ್ಚಳ ತೆಗೆಯಬೇಡಿ. ತೆಗೆದರೆ ಒಳಗೆ ನೀರು ಬೆವರುತ್ತದೆ.
4. ಅಕ್ವೇರಿಯಂ ಮುಚ್ಚಳದ ಮೇಲೆ ಡಬ್ಬಿ ಇಡಬೇಡಿ. ಅಲ್ಲಿ ದೀಪದ ಬಿಸಿಯೂ ಇದೆ, ನೀರಿನ ಆವಿಯೂ ಇದೆ.
5. ಒದ್ದೆ ಕೈ ಹಾಕಬೇಡಿ, ಒಣ ಚಮಚ ಬಳಸಿ. ಕೈಗೆ ತೆಗೆದುಕೊಂಡು ಹೆಚ್ಚಾದದ್ದನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ.

ಉಳಿಸಬಹುದಾದದ್ದು

ಗಾಳಿಯ ತೇವಕ್ಕೆ ಸ್ವಲ್ಪ ಮೆತ್ತಗಾಗಿದೆ, ಬೂಷ್ಟಿಲ್ಲ, ವಾಸನೆ ಬದಲಾಗಿಲ್ಲ ಎಂದರೆ ಕಾಗದದ ಮೇಲೆ ಹರಡಿ ಫ್ಯಾನ್ ಗಾಳಿಗೆ ಒಣಗಿಸಿ, ಒಂದು ವಾರದೊಳಗೆ ಮುಗಿಸಿ. ಬಿಸಿಲಿಗೆ ಹಾಕಬೇಡಿ, ಎಣ್ಣೆ ಇನ್ನಷ್ಟು ಕೆಡುತ್ತದೆ. ಇರುವೆ, ಸಣ್ಣ ಹುಳು ಕಂಡರೆ ಬಿಗಿಯಾಗಿ ಮುಚ್ಚಿ ಒಂದು ವಾರ ಫ್ರೀಜರ್‌ನಲ್ಲಿಟ್ಟು, ಜರಡಿ ಹಿಡಿದು ಬಳಸಬಹುದು. ಒಡೆಯದ ಡಬ್ಬಿಯ ಅವಧಿ ಒಂದೆರಡು ತಿಂಗಳು ಮೀರಿದ್ದರೆ, ವಾಸನೆ ಸರಿಯಿದ್ದಲ್ಲಿ ಹೊಸ ಆಹಾರದ ಜೊತೆ ಬೆರೆಸಿ ಬೇಗ ಖರ್ಚು ಮಾಡಿ.

ಎಸೆಯಲೇಬೇಕಾದದ್ದು

ನೀರು ಬಿದ್ದು ಗಂಟು ಕಟ್ಟಿದ್ದು, ಹಳೆಯ ಎಣ್ಣೆಯ ಕಮಟು ವಾಸನೆ ಬಂದದ್ದು, ಮುಗ್ಗಲು ಹಿಡಿದದ್ದು, ಬಿಳಿ, ಹಸಿರು ಅಥವಾ ಕಪ್ಪು ಬೂಷ್ಟು ಕಂಡದ್ದು – ಇವುಗಳಲ್ಲಿ ಉಳಿಸುವಂಥದ್ದು ಏನೂ ಇಲ್ಲ. ಮೇಲಿನ ಬೂಷ್ಟನ್ನು ಕೆರೆದು ತೆಗೆದರೂ ಅದರ ಎಳೆಗಳು ಒಳಗಿರುತ್ತವೆ.

ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. ಒಣಗಿಸಿದರೆ, ಹುರಿದರೆ, ಬೇಯಿಸಿದರೆ ಬೂಷ್ಟು ಸಾಯಬಹುದು, ವಿಷ ಉಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಮೇವಿಗೆ ಬೆರೆಸಿದ್ದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ತಿಳಿಯಿತು. ಈ ವಿಷ ಪತ್ತೆಯಾದದ್ದು ಆಗಲೇ. ಅದೇ ಸುಮಾರಿಗೆ ಅಮೆರಿಕದ ಮೀನು ಸಾಕಣೆ ಕೇಂದ್ರಗಳಲ್ಲಿ ಟ್ರೌಟ್ ಮೀನುಗಳಿಗೆ ಯಕೃತ್ತಿನ ಕ್ಯಾನ್ಸರ್ ಬಂದಿತು. ಅಲ್ಲಿ ಹತ್ತಿಬೀಜದ ಹಿಂಡಿಯಲ್ಲಿ ಇದೇ ವಿಷ ಸಿಕ್ಕಿತು. ಮನೆಯಲ್ಲೇ ಕಡಲೆಕಾಯಿ ಹಿಂಡಿ, ತೌಡು ಬೆರೆಸಿ ಮೀನಿಗೆ ಉಂಡೆ ಮಾಡುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಒಣಗಿದ, ಹೊಸ ಹಿಂಡಿಯನ್ನೇ ಆರಿಸಿ, ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಿ.

ಹಾಳಾದದ್ದನ್ನು ಏನು ಮಾಡಬೇಕು?

ಹಳ್ಳಿಮನೆಗಳಲ್ಲಿ ಯಾವುದನ್ನೂ ಸುಮ್ಮನೆ ಎಸೆಯುವ ಅಭ್ಯಾಸವಿಲ್ಲ. ಆದರೂ ಬೂಷ್ಟು ಹಿಡಿದ ಮೀನಿನ ಆಹಾರವನ್ನು ಕೋಳಿ, ಬಾತು, ಹಸುಗಳಿಗೆ ಹಾಕಬಾರದು. ಬಾತುಕೋಳಿ ಮರಿಗಳಿಗೆ ಈ ವಿಷ ಬಹಳ ಬೇಗ ತಗಲುತ್ತದೆ. ಹಸು ತಿಂದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ. ಕೆರೆ, ಬಾವಿಗೂ ಸುರಿಯಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಧೂಳೆಬ್ಬಿಸದೆ, ದನಕೋಳಿ ಕೆದಕದಷ್ಟು ಆಳದ ಗುಂಡಿಯಲ್ಲಿ ಹೂಳಿ. ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ. ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸ ಆಹಾರ ತುಂಬಿ.

ಮೀನು ಆಹಾರವನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದರೆ ಮೊದಲು ಡಬ್ಬಿಯನ್ನು ಮೂಸಿ ನೋಡಿ. ಅನುಮಾನ ಬಂದರೆ ಅಂದು ಆಹಾರ ಹಾಕಬೇಡಿ. ಬೆಳೆದ, ಆರೋಗ್ಯವಾಗಿರುವ ಮೀನು ಎರಡು ಮೂರು ದಿನ ಆಹಾರವಿಲ್ಲದೆ ಇರಬಲ್ಲದು. ಅಷ್ಟರಲ್ಲಿ ಪೇಟೆಗೆ ಹೋಗಿ ಹೊಸ ಡಬ್ಬಿ ತರಬಹುದು.